ಪಟ್ಟಾ ಬದಲಿಸುವ ಹೊತ್ತು

ಗೋಕಾಕದ ನಮ್ಮ ಮನೆಯಲ್ಲಿ ಬಲ್ಬುಗಳು ಉಸಿರಾಡುತ್ತಿದ್ದವು. ಸಂಜೆ ನಡುಮನೆಯ ಕಂಬಕ್ಕೆ ಒರಗಿ ಮೇಲೆ ನೋಡುತ್ತ ಕೂತರೆ, ಜಂತಿಯಿಂದ ಇಳಿಬಿಟ್ಟ ಬಲ್ಬಿನೊಳಗಿನ ಎಳೆ ಮೆಲ್ಲಗೆ ಕೆಂಪಾಗಿ ಕುಗ್ಗುವುದು, ಆಮೇಲೆ ಏನೋ ನೆನಪಾದವರ ಹಾಗೆ ಒಮ್ಮೆಲೇ ಬೆಳ್ಳಗೆ ಉಬ್ಬುವುದು. ಮನೆಗೆ ಜೀವ ಇದೆ, ಅದು ಬಲ್ಬಿನಿಂದ ಉಸಿರು ಎಳೆದು ಬಿಡುತ್ತದೆ ಅಂತಲೇ ನಾನು ಬಹಳ ದಿನ ತಿಳಿದಿದ್ದೆ. ಕಲ್ಲು ಮಣ್ಣಿನ ಹಳೆಯ ಮಾಳಿಗೆ ಮನೆ. ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಮಡಚಿ ಮಲಗಬಹುದಿತ್ತು. ಕರೆಂಟ್ ಬಂದದ್ದು ಆ ಮನೆಗೆ ವಯಸ್ಸಾದ ಮೇಲೆ. ಹಾಗಾಗಿ ತಂತಿಗಳು ಗೋಡೆಯ ಒಳಗೆ ಸೇರದೆ, ಉದ್ದುದ್ದ ಕಟ್ಟಿಗೆಯ ಕೊಳವೆಗಳಲ್ಲಿ ಜೋಡಿಯಾಗಿ ಮಲಗಿ, ಗೋಡೆಯ ಮೇಲಿಂದಲೇ ಕೋಣೆಯಿಂದ ಕೋಣೆಗೆ ಹೋಗುತ್ತಿದ್ದವು. ತಂತಿಗೆ ಸುತ್ತಿದ್ದು ನೂಲಿನ ಹೊದಿಕೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿದರೆ ಆ ನೂಲೂ ತೇವವಾಗುವುದು, ಬಟನ್ನಿನ ಹತ್ತಿರ ಕೈ ಇಟ್ಟರೆ ಬೆರಳ ತುದಿ ಜುಮ್ಮೆನ್ನುವುದು. "ಗ್ವಾಡಿ ಕಚ್ಚತೈತಿ, ಈ ಕಡೆ ಬಾ ಕೂಸ" ಅನ್ನುತ್ತಿದ್ದಳು ಆಯಿ. ಆಯಿ ಅಂದರೆ ಅಪ್ಪನ ತಾಯಿ. ಕಟ್ಟಿಗೆಯ ಕೊಳವೆಗಳಲ್ಲಿ ತಂತಿಯ ಜೊತೆಗೆ ಇರುವೆಗಳ ಸಂಸಾರವೂ ನಡೆದಿತ್ತು. ಅವು ಸಾಲುಗಟ್ಟಿ ಒಂದು ಸಂದಿಯಿಂದ ಹೊಕ್ಕು ಇನ್ನೊಂದು ಸಂದಿಯಿಂದ ಹೊರಬೀಳುವುದನ್ನು ನೋಡುತ್ತ, ಕರೆಂಟನ್ನು ಹೊತ್ತು ತರುವುದು ಇವೇ ಇರಬೇಕು ಅಂದುಕೊಳ್ಳುತ್ತಿದ್ದೆ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಮುಳುಗಿದ ಮೇಲೆ ಒಲೆಯೂ ಇಲ್ಲ, ತಾಟೂ ಇಲ್ಲ. ಓಣಿಯ ಉಳಿದ ಹೆಂಗಸರು ಹೊಲದಿಂದ ಬಂದು ಕೈಕಾಲು ತೊಳೆದು, ರಾತ್ರಿಯ ರೊಟ್ಟಿಗೆ ಜೋಳ ಹಸನು ಮಾಡಿ ಬುಟ್ಟಿ ಹೊತ್ತು ಗಿರಣಿಗೆ ನಡೆಯುವ ಹೊತ್ತಿಗೆ ನಮ್ಮವ್ವ ಅಡುಗೆಮನೆ ಸಾರಿಸಿ, ಸೆರಗಿಗೆ ಕೈ ಒರೆಸಿಕೊಂಡು ಪಡಸಾಲೆಗೆ ಬಂದಿರುತ್ತಿದ್ದಳು. ದಿನದಲ್ಲಿ ಅವಳದು ಅಂತ ಇದ್ದದ್ದು ಅದೊಂದೇ ಹೊತ್ತು. ಬೆಳಕು ಪೂರ್ತಿ ಹೋಗಿಲ್ಲ, ಕತ್ತಲೆ ಪೂರ್ತಿ ಬಂದಿಲ್ಲ. ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಸವೆದು ಸವೆದು ನಾಗೊಂದಿಯ ಹಲಗೆಯ ಮೇಲಿನ ತಾಮ್ರದ ಹಂಡೆಗಳ ಮೇಲೆ ಕೆಂಪಗೆ ಉಳಿದಿರುತ್ತಿತ್ತು. ಆಯಿ ಗೋಡೆಯ ಕಡೆ ಜಪದ ಸರ ಹಿಡಿದು ಕೂತಿರುವಳು. ಅಪ್ಪ ಅಂಗಡಿಯಿಂದ ಬಂದು ಉಂಡು, ಮನೆಯ ಮುಂದಿನ ಬಂಕದ ಕಟ್ಟೆಯ ಮೇಲೆ ಯಾರದೋ ಜೊತೆ ಮಾತಾಡುತ್ತಿರುವನು. ಆ ಹೊತ್ತಿನಲ್ಲಿ ಅವ್ವ ಏನೂ ಮಾಡದೆ, ಮೊಣಕಾಲ ಮೇಲೆ ಗದ್ದ ಇಟ್ಟು ಕೂತಿರುವುದೇ ನನಗೆ ದೊಡ್ಡ ಸುಖವಾಗಿತ್ತು.

ಅವ್ವನ ತವರು ಸಂಕೇಶ್ವರ. ಮದುವೆಗೆ ಮೊದಲು ಅವಳು ಹಾಡುತ್ತಿದ್ದಳಂತೆ. ಬಸದಿಯಲ್ಲಿ ಅವಳು ಒಬ್ಬಳೇ ಹಾಡಿದರೆ ಹೊಳೆಯ ಕಡೆ ಹೊರಟವರು ನಿಂತು ಕೇಳಿ ಹೋಗುತ್ತಿದ್ದರು ಅಂತ ನಮ್ಮ ಮಾವ, ಅಂದರೆ ಅವಳ ಅಣ್ಣ, ಹೇಳುತ್ತಿದ್ದ. ಗೋಕಾಕಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತ ಅವಳು ಏನೋ ಗುನುಗಿದಾಗ ಆಯಿ ಬಾಗಿಲಿಗೆ ಬಂದು ಹೇಳಿದ್ದಳಂತೆ:

"ಚಂಪಾ, ನಮ್ಮ ಮನಿ ಓಣಿಗೆ ಹತಗೊಂಡೈತಿ. ಒಳಗ ಅಂದದ್ದು ಹೊರಗ ಕೇಳತೈತಿ."

ಬೈದದ್ದಲ್ಲ, ದನಿ ಏರಿಸಿದ್ದೂ ಅಲ್ಲ. ಆದರೆ ಅವ್ವನ ಹಾಡು ಅವತ್ತು ನಿಂತದ್ದು ನಿಂತೇ ಹೋಯಿತು. ನನಗೆ ತಿಳಿವಳಿಕೆ ಬಂದಾಗ ಅವಳು ಹಾಡುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ತುಟಿ ಮಾತ್ರ ಅಲುಗುತ್ತಿತ್ತು. ಅದು ಮಂತ್ರ ಇರಬೇಕು ಅಂತ ನನ್ನ ಲೆಕ್ಕ.

ರೇಡಿಯೋ ಬಂದದ್ದು ಯುದ್ಧದ ಕಾಲದಲ್ಲಿ. ಮಾವ ಹೊಸದೊಂದು ತೊಗೊಂಡು ಹಳೆಯದನ್ನು ತಂಗಿಗೆ ಅಂತ ಗೋಣಿ ತಾಟಿನಲ್ಲಿ ಸುತ್ತಿ, ಹುಲ್ಲು ತುಂಬಿದ ಗಾಡಿಯಲ್ಲಿ ಕೂಸಿನ ಹಾಗೆ ಮಲಗಿಸಿಕೊಂಡು ತಂದಿದ್ದ. ಕಟ್ಟಿಗೆಯ ಪೆಟ್ಟಿಗೆ, ಮುಂದೆ ಬಂಗಾರದ ಬಣ್ಣದ ಅರಿವೆ, ಅದರ ಕೆಳಗೆ ಉದ್ದನ್ನ ಗಾಜು. ಬಟನ್ ತಿರುವಿದರೆ ಆ ಗಾಜಿನ ಹಿಂದೆ ಜೇನಿನಂಥ ಬೆಳಕು ಮೂಡುತ್ತಿತ್ತು. ಬೆಳಕು ಮೂಡಿ ಎಷ್ಟೋ ಹೊತ್ತಾದ ಮೇಲೆ, ದೂರದ ಹೊಳೆಯ ಸಪ್ಪಳದಂಥ ಸಪ್ಪಳದಿಂದ ಮುಂಬೈ ಕಡೆಯ ಹಾಡು ಎದ್ದು ಬರುತ್ತಿತ್ತು. ಮೊದಲ ಸಂಜೆ ಒಬ್ಬ ಹೆಂಗಸಿನ ದನಿ ಹಾಗೆ ಎದ್ದು ಪಡಸಾಲೆಯ ತುಂಬ ನಿಂತಾಗ ಅವ್ವ ಕುಂತಲ್ಲೇ ಕಣ್ಣು ಮುಚ್ಚಿದಳು. ಅವಳ ಮುಖವನ್ನು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ ಅನ್ನಿಸಿತು. ಆಯಿ ಮಾತ್ರ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಹಾಡು ಮುಗಿದ ಮೇಲೆ ಹೇಳಿದಳು:

"ಇರಲಿ. ಆದ್ರ ಇದರ ಸಲುವಾಗಿ ಒಂದ ಜೀವ ಹೋತಂದ್ರ, ಓಣ್ಯಾಗ ಒಂದ ಮಾತ ಬಂತಂದ್ರ, ಇದು ಬಂದ ಗಾಡಿ ಹತ್ತತೈತಿ."

ಜೀವ ಅಂದರೆ ಹುಳ. ಬೆಳಕಿಗೆ ಬಂದು ಬಿದ್ದು ಸಾಯುವ ಹುಳಗಳ ಸಲುವಾಗಿಯೇ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಬಲ್ಬು ಹಚ್ಚುತ್ತಿರಲಿಲ್ಲ. ಈಗ ರೇಡಿಯೋದ ಗಾಜಿಗೂ ಸಣ್ಣ ಹುಳಗಳು ಬರತೊಡಗಿದವು. ಅವ್ವನಿಗೆ ದಿಗಿಲು. ಅವಳು ನೀರು ಸೋಸುವ ಒಂದು ಒಗೆದ ಅರಿವೆಯನ್ನು, ನೀರಿಗೆ ಹಿಡಿಯುವ ಹಾಗೆಯೇ ಎರಡು ಪದರು ಮಾಡಿ ಪೆಟ್ಟಿಗೆಯ ಹಿಂದೂ ಮುಂದೂ ಇಳಿಬಿಟ್ಟಳು. ಹುಳ ನಿಂತವು. ಆಯಿ ಮೆಚ್ಚಿದಳು. ಅರಿವೆಯ ಒಳಗಿಂದ ಹಾಡು ಸೋಸಿ ಬರುತ್ತಿದೆ ಅಂತ ಅಪ್ಪ ನಕ್ಕ. ಹಾಗೆ ಸೋಸಿದ ಹಾಡು ಕೇಳುತ್ತ ಕೆಲವು ವಾರ ಕಳೆದವು. ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಬಲ್ಬು ಕುಗ್ಗಿ ಉಬ್ಬಿದ ಗಳಿಗೆಯಲ್ಲೇ ಪೆಟ್ಟಿಗೆಯೊಳಗೆ ಚಟ್ ಅಂದಿತು, ಬಟಾಟೆ ಸುಟ್ಟಂಥ ವಾಸನೆ ಬಂತು, ಬೆಳಕು ಆರಿತು. ನಮ್ಮ ಮನೆಯಲ್ಲಿ ಬಟಾಟೆ ತಿನ್ನುತ್ತಿರಲಿಲ್ಲ. ಓಣಿಯಲ್ಲಿ ಬೇರೆಯವರ ಒಲೆಯಿಂದ ಬರುವ ವಾಸನೆ ನಮ್ಮ ಪಡಸಾಲೆಗೇ ಬಂತಲ್ಲ ಅಂತ ನನಗೆ ಆಶ್ಚರ್ಯ. ಅವ್ವ ಆರಿದ ಗಾಜಿನ ಮೇಲೆ ಅಂಗೈ ಇಟ್ಟು, ಅದರ ಬಿಸಿ ಹೋಗುವವರೆಗೆ ಹಾಗೇ ಕೂತಿದ್ದಳು.

ಹುಕ್ಕೇರಿಯಿಂದ ಬಾಬಾಲಾಲ ಬಂದ. ಗ್ರಾಮಫೋನು, ಗಡಿಯಾರ, ಟಾರ್ಚು, ಎಲ್ಲ ಬಿಚ್ಚುವವನು. ಬಿಚ್ಚಿದ್ದರಲ್ಲಿ ಅರ್ಧ ಮತ್ತೆ ಕೂಡುತ್ತವೆ ಅಂತ ಅಪ್ಪ ಅವನೆದುರೇ ಅನ್ನುತ್ತಿದ್ದ, ಅವನೂ ನಗುತ್ತಿದ್ದ. ಪೆಟ್ಟಿಗೆಯ ಮೇಲಿನ ಅರಿವೆ ನೋಡಿ ಹಣೆ ಬಡಿದುಕೊಂಡ.

"ಇದಕ್ಕ ರಗ್ಗ ಹೊಚ್ಚಿದವ್ರು ಯಾರ್ರಿ? ಜ್ವರಾ ಬಂದಿತ್ತೇನು?"

"ರಗ್ಗಲ್ಲಪಾ, ನೀರು ಸೋಸೂ ಅರಿವಿ. ಹುಳಾ ಬರತಾವು," ಅಂದಳು ಆಯಿ.

"ಒಳಗಿನ ಗಾಜಿನ ವಾಲ್ವ್ ಬೆಂಕಿ ಹಂಗ ಕಾಯ್ತಾವ್ರಿ ಅಮ್ಮಾ, ಅವಕ್ಕ ಗಾಳಿ ಬೇಕು. ನೀವು ಹುಳಾ ಉಳಿಸಿದ್ರಿ, ವಾಲ್ವ್ ಸತ್ತಿತು."

ಆಯಿ ಗಾಬರಿಯಾದಳು. "ಅದಕ್ಕೂ ಜೀವ ಇತ್ತೇನು?"

"ಕರೆಂಟ್ ಇರೋತನ ಇತ್ರಿ."

ಆಮೇಲೆ ಅವನು ಗೋಡೆಯ ಮೇಲಿನ ಫ್ಯೂಜ್ ಪೆಟ್ಟಿಗೆಗೆ ಕೈ ಹಾಕಹೋದ. ಆಯಿ ತಡೆದಳು. ಒಳಗೆ ಇರುವೆ ಇವೆ. ಅವು ಹೊರಗೆ ಬರುವವರೆಗೆ ಬಿಚ್ಚಕೂಡದು. ಅವಳು ಬೆಲ್ಲದ ಪುಡಿಯನ್ನು ಪೆಟ್ಟಿಗೆಯ ಕೆಳಗಿಂದ ಹೊಸ್ತಿಲವರೆಗೆ ರಂಗೋಲಿ ಎಳೆದಂತೆ ಎಳೆದು, ಸರ ಹಿಡಿದು ಕೂತಳು. ಬಾಬಾಲಾಲ ಮಜ್ಜಿಗೆ ಕುಡಿದ, ಇನ್ನೊಮ್ಮೆ ಕುಡಿದ.

"ನನ್ನ ಹುಕ್ಕೇರಿ ಮೋಟಾರು ಹೋಗತೈತ್ರಿ ಅಮ್ಮಾ."

"ಮೋಟಾರು ನಾಳೆನೂ ಬರತೈತಿ. ಅವು ಮನಿ ಖಾಲಿ ಮಾಡಾಕತ್ತಾವು, ದೂಡಬ್ಯಾಡ."

ಇರುವೆಗಳು ತಮ್ಮ ಬಿಳಿ ಮೊಟ್ಟೆಗಳನ್ನು ಬಾಯಲ್ಲಿ ಕಚ್ಚಿಕೊಂಡು, ಬೆಲ್ಲದ ದಾರಿ ಹಿಡಿದು ಹಿತ್ತಲಿಗೆ ಹೋದವು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಸಾಲು ಸಣ್ಣದೊಂದು ಕಪ್ಪು ಹಳ್ಳದ ಹಾಗೆ ಹರಿಯುವುದನ್ನು ನೋಡುತ್ತ ನನಗೆ ನಿದ್ದೆ ಬಂದಿತ್ತು. ಎದ್ದಾಗ ಬಾಬಾಲಾಲ ಅಪ್ಪನಿಗೆ ದಪ್ಪನ್ನ ತಾಮ್ರದ ತಂತಿ ತೋರಿಸುತ್ತಿದ್ದ. ಫ್ಯೂಜ್ ಮೇಲಿಂದ ಮೇಲೆ ಹೋಗುತ್ತದೆ ಅಂತ ಅಪ್ಪನೇ ಅದನ್ನು ಹಾಕಿದ್ದು.

"ಇದು ಫ್ಯೂಜ್ ಅಲ್ರಿ ಸಾಹುಕಾರ್ರ, ಎತ್ತ ಕಟ್ಟೂ ಹಗ್ಗ. ಕರೆಂಟ್ ಜಾಸ್ತಿ ಬಂದ್ರ ತಾ ಸುಟ್ಟು ಮನಿ ಉಳಸಬೇಕು ಅದು. ಇದು ಸುಡೂದಿಲ್ಲ, ಎಲ್ಲಾ ಸುಡಸತೈತಿ."

ಅವನು ಕೂದಲೆಳೆಯಂಥ ತಂತಿ ಹಾಕಿದ, ಮಾಸಿದ ನೂಲು ತೆಗೆದು ಸಂದಿಗಳಿಗೆ ಹೊಸ ಪಟ್ಟಿ ಸುತ್ತಿದ. ರೇಡಿಯೋಕ್ಕೆ ತನ್ನ ಚೀಲದಲ್ಲಿದ್ದ ಒಂದು ಹಳೆಯ ವಾಲ್ವ್ ಹಾಕಿದ. ಹಾಡು ಬಂತು. ಆದರೆ ಅವನ ಮುಖ ಅರಳಲಿಲ್ಲ. ಬಾಜೂಕಿನ ಓಣಿಯ ಹಿಟ್ಟಿನ ಗಿರಣಿಗೂ ನಮಗೂ ಒಂದೇ ತಂತಿ. ಗಿರಣಿಯವರು ಮೋಟಾರಿಗೆ ಪಟ್ಟಾ, ಅಂದರೆ ಬೀಸುವ ಕಲ್ಲು ತಿರುಗಿಸುವ ಬೆಲ್ಟು, ಹಾಕಿದರೆ ನಮ್ಮ ಕರೆಂಟ್ ಇಳಿಯುತ್ತದೆ, ಪಟ್ಟಾ ತೆಗೆದರೆ ಒಮ್ಮೆಲೇ ಏರುತ್ತದೆ. ಏರಿದ ಆ ಗಳಿಗೆಯೇ ವಾಲ್ವಿಗೆ ಕೆಟ್ಟದ್ದು ಅಂದ. ಇಷ್ಟು ವರ್ಷ ಉಸಿರಾಡಿದ್ದು ಮನೆಯಲ್ಲ, ಬಸಲಿಂಗಪ್ಪನ ಗಿರಣಿ ಅಂತ ನನಗೆ ತಿಳಿದದ್ದು ಅವತ್ತು.

"ಈ ವಾಲ್ವ್ ಹೋತಂದ್ರ ಇನ್ನೊಂದಿಲ್ಲ ನೋಡ್ರಿ ಅಕ್ಕಾರ," ಅಂತ ಅವ್ವನಿಗೆ ಹೇಳಿದ. "ಹಡಗಿನ್ಯಾಗ ಬರಬೇಕು, ಹಡಗ ಬರಾಕತ್ತಿಲ್ಲ. ಆಮ್ಯಾಲ ಈ ಪೆಟ್ಟಿಗ್ಯಾಗ ಬ್ಯಾಳಿ ತುಂಬಿ ಇಡ್ರಿ."

ಹೋಗುವ ಮುನ್ನ ರೇಡಿಯೋದ ಎದುರಿನ ಗೋಡೆಗೆ ಒಂದು ಸಣ್ಣ ಬಲ್ಬು ಕೂರಿಸಿದ. ಅದು ಕಾವಲಿನ ದೀಪ. ಅದು ಕುಗ್ಗಿ ಸರಿಯಾದ ಮೇಲೆಯೇ ರೇಡಿಯೋ ಹಚ್ಚಬೇಕು. ಬಲ್ಬು ಅಂದರೆ ಹುಳ. ಆದ್ದರಿಂದ ಆಯಿ ಎಳ್ಳು ಸಾಣಿಸುವ ಹಳೆಯ ತಗಡಿನ ಸಾಣಿಗೆಯನ್ನು ಅದರ ಮುಂದೆ ತೂಗು ಹಾಕಿಸಿ, ಬದಿಗಳನ್ನು ಅರಿವೆಯಿಂದ ಮುಚ್ಚಿಸಿದಳು. ಮೊದಲ ಸಂಜೆ ದೀಪ ಹಚ್ಚಿದಾಗ ಸಾಣಿಗೆಯ ತೂತುಗಳಿಂದ ಬೆಳಕು ಹೊರಬಿದ್ದು ಪಡಸಾಲೆಯ ಗೋಡೆ, ಜಂತಿ, ಅವ್ವನ ಬೆನ್ನು, ಎಲ್ಲದರ ಮೇಲೆ ಚುಕ್ಕಿಗಳಾಗಿ ಕೂತಿತು. ನಾವು ಅದನ್ನು ಚುಕ್ಕಿ ಅಂತಲೇ ಕರೆಯತೊಡಗಿದೆವು. ಚುಕ್ಕಿ ಕಾಯುವ ಕೆಲಸ ಆಯಿಯೇ ತೊಗೊಂಡಳು.

ಅಪ್ಪ ಗಿರಣಿಗೆ ಹೋದ. ನಾನೂ ಅವನ ಧೋತರದ ತುದಿ ಹಿಡಿದು ಹೋದೆ. ಬಸಲಿಂಗಪ್ಪ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟು ಮಾಡಿಕೊಂಡು, ಹಣೆಯ ವಿಭೂತಿ ಯಾವುದು ಹಿಟ್ಟು ಯಾವುದು ತಿಳಿಯದಂತೆ ನಿಂತಿದ್ದ. ಹೆಂಗಸರು ಬುಟ್ಟಿ ಇಟ್ಟುಕೊಂಡು ಸಾಲಾಗಿ ಕೂತಿದ್ದರು.

"ಬಸಲಿಂಗಪ್ಪಾ, ನಿನ್ನ ಪಟ್ಟಾ ನಮ್ಮ ರೇಡಿಯೋ ಸುಡತೈತಿ ನೋಡು."

"ನನ್ನ ಪಟ್ಟಾ ನನ್ನ ಗಿರಣ್ಯಾಗ ತಿರಗತೈತ್ರಿ ಸಾಹುಕಾರ್ರ. ನಿಮ್ಮ ರೇಡಿಯೋ ನಿಮ್ಮ ಪಡಸಾಲ್ಯಾಗ ಕುಂತೈತಿ. ಇವೆರಡೂ ಎಲ್ಲಿ ಭೆಟ್ಟಿ ಆದ್ವು?"

"ತಂತಿ ಒಂದ ಐತೆಲ್ಲೋ."

"ಬಾವೀನೂ ಒಂದ ಐತಿ. ನೀವು ನೀರ ಸೇದಿದ್ರ ನನ್ನ ಕೊಡಾ ಒಡೀತೈತೇನ್ರಿ?"

ಹೆಂಗಸರು ನಕ್ಕರು. ಅಪ್ಪನಿಗೆ ಕಿವಿ ಕೆಂಪಾದವು. ಸಂಜೆ ಆ ಹೊತ್ತಿನಷ್ಟು ಗಿರಣಿ ನಿಲ್ಲಿಸಬಾರದೆ ಅಂತ ಕೇಳಿಯೇಬಿಟ್ಟ. ಬಸಲಿಂಗಪ್ಪ ಹಿಟ್ಟಿನ ಕೈಯನ್ನು ಹೆಂಗಸರ ಕಡೆ ಚಾಚಿದ.

"ನೀವು ಹೊತ್ತ ಮುಳುಗೂದ್ರಾಗ ಉಂಡು ಕೈ ತೊಳಕೊಂಡ್ರಿ. ಇವ್ರ ಮಕ್ಕಳು ಹಾಡ ತಿಂದ ಮಲಗಬೇಕೇನ್ರಿ?"

ಅದು ಖರೆ. ಆಗ ಬಸಲಿಂಗಪ್ಪನ ಹೆಂಡತಿ ಗಂಗವ್ವ ಜೋಳ ಸುರಿಯುತ್ತಿದ್ದವಳು ಬುಟ್ಟಿ ಇಳಿಸಿ ಬಂದಳು. ಗಿರಣಿಯ ಸದ್ದಿನೊಳಗೇ ಸಂಸಾರ ಮಾಡಿದವಳು. ಅವಳ ದನಿ ನಮ್ಮ ಹಿತ್ತಲಿಗಷ್ಟೇ ಅಲ್ಲ, ಹೊಳೆಯ ದಂಡೆಗೂ ಮುಟ್ಟುತ್ತಿತ್ತು.

"ನೀವು ಸುಮ್ಮಿರ್ರಿ," ಅಂದಳು ಗಂಡನಿಗೆ. ಅಪ್ಪನ ಕಡೆ ತಿರುಗಿ, "ಅಣ್ಣಾರ, ಪಟ್ಟಾ ಹಾಕೂ ಮುಂದ, ತಗಿಯೂ ಮುಂದ ನಾ ಕೂಗತೇನಿ. ಚಂಪಕ್ಕ ಬಟನ್ ತಿರುವಿಬಿಡ್ಲಿ. ನನ್ನ ದನಿ ನಿಮ್ಮ ಕರೆಂಟಿಗಿಂತ ಮೊದಲ ಬರತೈತಿ."

ಹಾಗೆ ಸುರುವಾಯಿತು. ಹಿತ್ತಲ ಗೋಡೆಯ ಆಚೆಯಿಂದ "ಪಟ್ಟಾ ತಗೀತೇವಿ, ಚಂಪಕ್ಕಾ!" ಅಂತ ಕೂಗು ಬಂದರೆ ಅವ್ವ ತಟ್ಟನೆ ಬಟನ್ ತಿರುವುವಳು. ಹಾಡು ಅರ್ಧಕ್ಕೆ ನಿಲ್ಲುವುದು. ಗೋಡೆಯ ಮೇಲಿನ ಚುಕ್ಕಿಗಳು ಉಬ್ಬಿ ಸರಿಯಾಗುವವು. "ಆತು, ಹಚ್ಚು" ಅನ್ನುವಳು ಆಯಿ. ಅವ್ವ ಹಚ್ಚುವಳು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರ ಜೋಳ: "ಪಟ್ಟಾ ಹಾಕತೇವಿ!" ಮತ್ತೆ ಬಂದ್. ಚುಕ್ಕಿ ಕುಗ್ಗಿ, ನಿಂತು, "ಆತು". ಹಚ್ಚಿದ ಕೂಡಲೇ ದನಿ ಬರುತ್ತಿರಲಿಲ್ಲ, ವಾಲ್ವ್ ಕಾಯಬೇಕು. ಅಷ್ಟರೊಳಗೆ ಮುಂಬೈಯ ಹೆಂಗಸು ತನ್ನ ಪಾಡಿಗೆ ತಾನು ಎಷ್ಟೋ ದೂರ ಹೋಗಿರುತ್ತಿದ್ದಳು. ಆ ಖಾಲಿ ಹೊತ್ತಿನಲ್ಲಿ ಅವ್ವ ಕಣ್ಣು ಮುಚ್ಚಿ ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಹಾಡು ನಿಂತಿಲ್ಲ, ನಮಗೆ ಕೇಳುತ್ತಿಲ್ಲ ಅಷ್ಟೇ. ಈಗ ಅದು ಎಲ್ಲಿಗೆ ಹೋಗಿರಬಹುದು ಅಂತ ಹಿಂದೆ ಹಿಂದೆಯೇ ನಡೆಯುತ್ತಿದ್ದಳು. ದನಿ ಮರಳಿ ಬಂದಾಗ ಅವಳು ಅಂದುಕೊಂಡ ಜಾಗದಲ್ಲೇ ಇದ್ದರೆ ಹುಡುಗಿಯ ಹಾಗೆ ನಗುವಳು. "ಸಿಕ್ಕಿತು!" ಅನ್ನುವಳು ನನಗೆ. ಇದು ನಮ್ಮಿಬ್ಬರ ಆಟವಾಯಿತು. ಮೊದಲು ತುಟಿ ಅಲುಗಿತು. ಆಮೇಲೆ ಗುನುಗು ಬಂತು. ಒಂದು ಸಂಜೆ, ಚುಕ್ಕಿಗಳೆಲ್ಲ ಕುಗ್ಗಿ ಪಡಸಾಲೆ ಮಬ್ಬಾಗಿದ್ದಾಗ, ತನಗೇ ತಿಳಿಯದ ಹಾಗೆ ಅವಳು ದನಿ ಬಿಟ್ಟಳು.

ಅಂಥ ದನಿ ಆ ಮನೆಯಲ್ಲಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ತಂಪು ನೆಲದ ಮೇಲೆ ಬರಿಗಾಲಿಟ್ಟ ಹಾಗಿತ್ತು ಅದು. ಆಯಿಯ ಕೈಯಲ್ಲಿ ಸರ ನಿಂತಿತು. ಅವ್ವ ಕಣ್ಣು ತೆರೆದು, ಅದನ್ನು ನೋಡಿ, ಬಾಯಿ ಮುಚ್ಚಿದಳು. ಆ ಹೊತ್ತಿಗೆ ರೇಡಿಯೋದಿಂದ ಹಾಡು ಎದ್ದು ಬಂತು. ಅವಳು ಬಿಟ್ಟಲ್ಲಿಯೇ, ಅದೇ ಸೊಲ್ಲಿನ ಮೇಲೆ. ಆಯಿ ಪೆಟ್ಟಿಗೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ಸಿಕ್ಕಿತೇನು?"

"ಸಿಕ್ಕಿತ್ರಿ ಅತ್ತ್ಯಾರ."

"ಹೂಂ."

ಸರ ಮತ್ತೆ ತಿರುಗತೊಡಗಿತು. ಆ ಒಂದು ಹೂಂ ಮೇಲೆ ನಮ್ಮ ಸಂಜೆಗಳೆಲ್ಲ ನಿಂತವು. ಬಟನ್ ತಿರುವಿದಾಗಲೆಲ್ಲ ಅವ್ವ ಹಾಡುವಳು, ಹಾಡು ಮರಳಿದ ಮೇಲೆ ಸುಮ್ಮನಾಗುವಳು. ಗೋಡೆಗೆ ಕಿವಿ ಇವೆ ಅನ್ನುವ ಓಣಿ ಅದು. ಆದರೂ ಯಾರೂ ಏನೂ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಅಂತ ನನಗೆ ತಿಳಿದದ್ದು ಹಿತ್ತಲ ಗೋಡೆಯ ಕಲ್ಲು ಏರಿ ಆಚೆ ಇಣುಕಿದ ದಿನ. ಗಂಗವ್ವ "ಪಟ್ಟಾ ಹಾಕತೇವಿ!" ಅಂತ ಕೂಗಿದಳು. ಪಟ್ಟಾ ಮಾತ್ರ ಗೋಡೆಯ ಗೂಟಕ್ಕೆ ತೂಗುತ್ತಲೇ ಇತ್ತು. ಬಸಲಿಂಗಪ್ಪ ಅದಕ್ಕೆ ಕೈ ಹಾಕಹೋದರೆ ಗಂಗವ್ವ ಅವನ ರಟ್ಟೆ ಹಿಡಿದಳು. ನಿಂತ ಗಿರಣಿಯ ಮುಂದೆ ಹೆಂಗಸರು ಬುಟ್ಟಿಗೆ ಗದ್ದ ಹಚ್ಚಿ ಕೂತಿದ್ದರು. ನಮ್ಮ ಪಡಸಾಲೆಯಿಂದ ಅವ್ವನ ದನಿ ಹಿತ್ತಲು ದಾಟಿ ಬರುತ್ತಿತ್ತು.

"ಹಿಟ್ಟ ಬೇಕೋ, ಹಾಡ ಬೇಕೋ ನಿಮಗ?" ಅಂತ ಬಸಲಿಂಗಪ್ಪ ಪಿಸು ದನಿಯಲ್ಲಿ ಗೊಣಗಿದ.

"ಎರಡೂ ಬೇಕು, ಸುಮ್ಮ ನಿಂದರೋ ಯಣ್ಣಾ," ಅಂದಳೊಬ್ಬಳು.

ನಾನು ಓಡಿ ಬಂದು ಆಯಿಯ ಕಿವಿಯಲ್ಲಿ ಹೇಳಿದೆ. ಪಟ್ಟಾ ಹಾಕೇ ಇಲ್ಲ, ಗಂಗವ್ವ ಸುಳ್ಳು ಕೂಗಿದಳು. ಆಯಿ ಗೋಡೆಯ ಮೇಲಿನ ಚುಕ್ಕಿಗಳ ಕಡೆಗೇ ನೋಡುತ್ತಿದ್ದಳು. ಅವು ಕುಗ್ಗಿರಲಿಲ್ಲ, ಉಬ್ಬಿರಲಿಲ್ಲ, ಮೊಳೆ ಹೊಡೆದ ಹಾಗೆ ನಿಂತಿದ್ದವು.

"ಆ ಗ್ವಾಡಿ ಏರಬ್ಯಾಡ ಕೂಸ, ಕಲ್ಲ ಸಡಲ ಆಗ್ಯಾವು," ಅಂದಳು.

ಅವ್ವ ಸೊಲ್ಲು ಮುಗಿಸಿದಳು. ಆಗ ಆಯಿ ಅಂದಳು: "ಆತು, ಹಚ್ಚು."

ಅವ್ವನಿಗೆ ಗೊತ್ತಿತ್ತೋ ಇಲ್ಲವೋ, ನಾನು ಎಂದೂ ಕೇಳಲಿಲ್ಲ. ದೀಪಕ್ಕೆ ಬೆನ್ನು ಮಾಡಿ ಕೂರುತ್ತಿದ್ದಳು, ಹಾಡುವಾಗ ಕಣ್ಣು ಮುಚ್ಚುತ್ತಿದ್ದಳು; ಗಿರಣಿ ತಿರುಗಿತೋ ಇಲ್ಲವೋ ಅನ್ನುವುದು ಆ ಹೊತ್ತಿನಲ್ಲಿ ಅವಳಿಗೆ ಕೇಳಿಸುತ್ತಿರಲಿಲ್ಲ ಅಂತಲೇ ನನಗನ್ನಿಸುತ್ತದೆ. ಆಯಿಗೆ ಗೊತ್ತಿತ್ತು, ಗಿರಣಿಗೆ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಅನ್ನದೆ ಇರುವವರೆಗೆ ಅದು ನಡೆಯುವ ಹಾಗಿತ್ತು.

ಅಂಥದರಲ್ಲಿ ಮೂಡಲಗಿಯಿಂದ ದೊಡ್ಡಾಯಿ ಬಂದಳು. ಆಯಿಯ ಅಕ್ಕ. ತಾಯಿ ಸತ್ತ ಮೇಲೆ ಆಯಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆಯಿ ನಮ್ಮ ಮನೆಯಲ್ಲಿ ಎಲ್ಲರಿಗೂ ಹಿರಿಯಳು, ಅಕ್ಕನ ಎದುರು ಮಾತ್ರ ತಲೆಯ ಮೇಲಿನ ಸೆರಗು ಇನ್ನಷ್ಟು ಮುಂದೆ ಎಳೆದುಕೊಂಡು ಕೂರುವಳು. ಅಕ್ಕ ಹೇಳಿದ್ದಕ್ಕೆ ಇಲ್ಲ ಅಂದದ್ದನ್ನು ಯಾರೂ ಕಂಡಿರಲಿಲ್ಲ. ದೊಡ್ಡಾಯಿಗೆ ಕಿವಿ ಮಂದ. ಹತ್ತಿರದ್ದು ಕೇಳುತ್ತಿತ್ತು, ದೂರದ್ದು ಕೇಳುತ್ತಿರಲಿಲ್ಲ. ಕಣ್ಣು ಮಾತ್ರ ಗಿಡುಗನದು. ಬೇಳೆಯಲ್ಲಿನ ಹುಳವನ್ನು ದೂರದಿಂದಲೇ ಕಂಡು ಹಿಡಿಯುತ್ತಿದ್ದಳು. ಅವತ್ತು ಸಂಜೆ ಊಟವಾದ ಮೇಲೆ ಅವಳನ್ನು ಗೋಡೆಯ ಕಡೆ, ಆಯಿಯ ಬಾಜೂಕೆ ಮಣೆ ಹಾಕಿ ಕೂರಿಸಿದರು. ಅಪ್ಪ ಖುಷಿಯಲ್ಲಿ ರೇಡಿಯೋ, ಆಯಿ ಹಾಕಿದ ಕರಾರು, ವಾಲ್ವ್, ಗಿರಣಿ, ಚುಕ್ಕಿ ಎಲ್ಲವನ್ನೂ ಅವಳ ಕಿವಿಯ ಹತ್ತಿರ ಬಾಗಿ ವಿವರಿಸಿದ. ಅವಳು ಗೋಡೆಯ ಮೇಲಿನ ಚುಕ್ಕಿಗಳನ್ನು ಒಂದೊಂದಾಗಿ ನೋಡಿದಳು.

ಕೂಗು ಬಂತು. ಅವ್ವ ಬಟನ್ ತಿರುವಿದಳು, ಒಂದು ಗಳಿಗೆ ಹಿಂಜರಿದಳು, ಆಯಿಯ ಕಡೆ ನೋಡಿದಳು. ಆಯಿ ಸರ ಎಣಿಸುತ್ತಿದ್ದಳು. ಅವ್ವ ಕಣ್ಣು ಮುಚ್ಚಿ ಹಾಡಿದಳು. ಅವತ್ತು ರೇಡಿಯೋದಲ್ಲಿ ಹೊತ್ತು ಮುಳುಗುವಾಗಿನ ಯಾವುದೋ ರಾಗ, ಬೆಳಕನ್ನು ಬೀಳ್ಕೊಡಲು ಮನಸ್ಸಿಲ್ಲದಂಥದು. ಅವ್ವ ಅದರ ಹಿಂದೆ ಎಲ್ಲಿಗೋ ಹೋದಳು. ಪಡಸಾಲೆ, ಕಂಬ, ಹಂಡೆಗಳು, ನಾವೆಲ್ಲ ನೀರಿನ ಕೆಳಗೆ ಕೂತ ಹಾಗಿದ್ದೆವು. ಚುಕ್ಕಿಗಳು ಗೋಡೆಯ ಮೇಲೆ ನಿಂತಲ್ಲೇ ನಿಂತಿದ್ದವು. ಸೊಲ್ಲು ಮುಗಿಯಿತು. "ಆತು" ಅಂದಳು ಆಯಿ.

"ಏನ ಆತು?" ಅಂದಳು ದೊಡ್ಡಾಯಿ. ಅವ್ವನ ಕೈ ಬಟನ್ನಿನ ಮೇಲೆಯೇ ನಿಂತಿತು. "ಪಟ್ಟಾ ಹಾಕಿದ್ರ ದೀಪ ಕುಗ್ಗತೈತಿ ಅಂದನಲ್ಲ ನಿನ್ನ ಮಗ. ನಾ ಕಣ್ಣ ಪಿಳಕಿಸದ ನೋಡೇನಿ. ಕುಗ್ಗಲಿಲ್ಲ. ಸೊಸಿ ಸುಮ್ಮನ ಪೆಟ್ಟಿಗಿ ಬಂದ್ ಮಾಡಿ ಓಣಿಗೆಲ್ಲಾ ಕೇಳೂ ಹಂಗ ಹಾಡಿದ್ಲು."

ಅವ್ವನ ಮುಖದಿಂದ ಬಣ್ಣ ಇಳಿಯುವುದು ಆ ಮಬ್ಬಿನಲ್ಲೂ ಕಂಡಿತು. ದೊಡ್ಡಾಯಿ ತಂಗಿಯ ಮೊಣಕಾಲು ಮುಟ್ಟಿ ಕೇಳಿದಳು:

"ನೀ ಚುಕ್ಕಿ ಕಾಯಾಕಿ ಅಲ್ಲ? ನೀ ಹೇಳು. ಕುಗ್ಗಿದ್ವೇನು? ಇಲ್ಲಂದ್ರ ನಾಳೆ ನನ್ನ ಗಾಡ್ಯಾಗ ಈ ಪೆಟ್ಟಿಗಿ ಹಾಕ್ರಿ. ಸಂಕೇಶ್ವರಕ್ಕ ನಾ ಮುಟ್ಟಸತೇನಿ."

ಆಯಿ ಸುಳ್ಳು ಹೇಳುತ್ತಿರಲಿಲ್ಲ. ಇದು ಹೊಗಳಿಕೆಯ ಮಾತಲ್ಲ. ಸುಳ್ಳಾಡುವುದಿಲ್ಲ ಅಂತ ಎಳೆಯ ವಯಸ್ಸಿನಲ್ಲೇ ಮುನಿಗಳ ಎದುರು ವ್ರತ ಹಿಡಿದವಳು. ಮನೆಗೆ ಬೇಡದವರು ಬಂದರೆ ಒಳಗಿದ್ದವರನ್ನು ಇಲ್ಲ ಅನ್ನುವುದಕ್ಕೂ ಅವಳು ಒಪ್ಪುತ್ತಿರಲಿಲ್ಲ, ನಾವೇ ಹಿತ್ತಲಿಗೆ ಹೋಗಿ ನಿಲ್ಲಬೇಕಾಗುತ್ತಿತ್ತು. ಅಕ್ಕನಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ವ್ರತ ಹಿಡಿಯುವಾಗ ಕೈ ಹಿಡಿದು ಕರೆದುಕೊಂಡು ಹೋದವಳೇ ಅವಳು. ಗೋಡೆಯಾಚೆ ಗಿರಣಿ ನಿಂತೇ ಇತ್ತು. ಆಯಿ ಸರವನ್ನು ಮಡಿಲಲ್ಲಿ ಇಟ್ಟಳು.

"ಕುಗ್ಗಿದ್ವಕ್ಕಾ," ಅಂದಳು. "ನಾ ನೋಡೇನಿ."

ದೊಡ್ಡಾಯಿ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ತನ್ನ ಕಣ್ಣು ಒರೆಸಿಕೊಂಡಳು.

"ಹಂಗಾರ ನನ್ನ ಕಣ್ಣ ಮಂಜಾಗ್ಯಾವು. ವಯಸ್ಸಾತು."

ಅವ್ವ ರೇಡಿಯೋ ಹಚ್ಚಿದಳು. ಹಾಡು ಎಲ್ಲಿಗೋ ಹೋಗಿತ್ತು, ಅವಳಿಗೆ ಸಿಗಲಿಲ್ಲ.

ಮರುದಿನ ಮುಂಜಾನೆ ಅವ್ವ ಬೇಳೆಗೆ ಉಪ್ಪು ಹಾಕುವ ಹೊತ್ತಿಗೆ ಆಯಿ ಅಡುಗೆಮನೆಯ ಬಾಗಿಲಿಗೆ ಬಂದು, "ನನ್ನ ಪಾಲಿಂದು ಮೊದಲ ತಗದಿಡು ಚಂಪಾ, ಇವತ್ತ ನನಗ ಉಪ್ಪ ಬ್ಯಾಡ" ಅಂದಳು. ಅಷ್ಟೇ ಅಂದು ಹೋದಳು. ದೊಡ್ಡಾಯಿಯ ಗಾಡಿ ಹೂಡಲು ಸಿದ್ಧವಾಗಿತ್ತು. ಉಂಡು ಹೊರಟರೆ ಹೊತ್ತಿರುವಾಗಲೇ ದಾರಿಯಲ್ಲಿನ ಮಸಗುಪ್ಪಿ ದಾಟಬಹುದು ಅಂತ ಗಾಡಿಯವನು ಅವಸರ ಮಾಡುತ್ತಿದ್ದ. ಅಕ್ಕ ತಂಗಿ ಎದುರು ಬದುರು ಉಣ್ಣಲು ಕೂತರು. ಆಯಿಯ ತಾಟಿನಲ್ಲಿ ಉಪ್ಪಿನ ಜಾಗ ಖಾಲಿ ಇತ್ತು. ಉಪ್ಪಿನಕಾಯಿಯೂ ಇರಲಿಲ್ಲ. ದೊಡ್ಡಾಯಿಯ ಕೈ ತುತ್ತಿನ ಹತ್ತಿರ ನಿಂತಿತು. ಅವರ ತವರಿನಲ್ಲಿ ಮಕ್ಕಳನ್ನು ಹೊಡೆಯುತ್ತಿರಲಿಲ್ಲವಂತೆ. ಬಾಯಿಂದ ಸುಳ್ಳು ಬಿದ್ದರೆ, ಬಿದ್ದವರಿಗೇ ಅದು ಗೊತ್ತಿರುತ್ತದೆ. ಅವರಾಗಿಯೇ ಮರುದಿನ ಉಪ್ಪು ಬಿಟ್ಟು ಉಣ್ಣಬೇಕು. ಯಾರೂ ಕೇಳುವಂತಿಲ್ಲ, ಯಾರೂ ಹೇಳುವಂತಿಲ್ಲ. ಇದನ್ನು ಅವ್ವ ನನಗೆ ಹೇಳಿದ್ದು ನಾನು ದೊಡ್ಡವಳಾದ ಮೇಲೆ. ಅವತ್ತು ನನಗೆ ಕಂಡದ್ದು ಇಬ್ಬರು ಮುದುಕಿಯರು ಮಾತಿಲ್ಲದೆ ಕೂತದ್ದು, ಬಡಿಸುವ ಸೌಟು ಹಿಡಿದ ಅವ್ವ ಅಲುಗದೆ ನಿಂತದ್ದು, ಆಯಿ ಸಪ್ಪನೆಯ ಬೇಳೆಯಲ್ಲಿ ರೊಟ್ಟಿ ಮುರಿದು ಕಲೆಸಿ, ನಿಧಾನವಾಗಿ, ರುಚಿ ನೋಡುವವರ ಹಾಗೆ ಉಂಡದ್ದು.

ದೊಡ್ಡಾಯಿ ಪೂರ್ತಿ ಉಂಡು, ಒಂದು ಅಗುಳೂ ಹಾಳಾಗದಂತೆ ತಾಟು ತೊಳೆದ ನೀರು ಕುಡಿದಳು. ಹೊರಗೆ ಎತ್ತಿನ ಕೊರಳ ಗಂಟೆ ಅಲುಗಿತು.

"ಗಾಡಿ ಬಿಚ್ಚಂತ ಹೇಳಪಾ ಅವ್ನಿಗೆ," ಅಂದಳು ಅಪ್ಪನಿಗೆ. "ಇವತ್ತ ಹೋಗೂದಿಲ್ಲ."

ಏಳುವಾಗ ಅವ್ವನ ತೋಳು ಹಿಡಿದು ಎದ್ದಳು. ಅವಳ ಮುಖ ನೋಡದೆ, ಕೈ ಮಾತ್ರ ಬಿಡದೆ, ಹೇಳಿದಳು:

"ಸಂಜೀಕ ನನ್ನ ಮಣಿ ಆ ಗ್ವಾಡಿ ಕಡೆ ಬ್ಯಾಡ ಚಂಪಾ, ನಿನ್ನ ಬಾಜೂಕ ಹಾಕು. ನನಗ ಕಿವಿ ಮಂದ, ದೂರದ್ದು ಕೇಳೂದಿಲ್ಲ."